ಪೆಟ್ಟಿಗೆಯೊಳಗೆ ಉಳಿದುಹೋದ ಊಹೆ

1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ಉಡಾವಣಾ ಕೇಂದ್ರದಿಂದ ಯುರೋಪಿನ ಹೊಸ ರಾಕೆಟ್ ಏರಿಯಾನ್–5 ಮೊದಲ ಬಾರಿಗೆ ಮೇಲೆದ್ದಿತು. 1987ರಲ್ಲಿ ಒಪ್ಪಿಗೆ ಪಡೆದ ಯೋಜನೆ ಅದು. ನೆತ್ತಿಯಲ್ಲಿ ಭೂಮಿಯ ಕಾಂತಗೋಳದ ಅಧ್ಯಯನಕ್ಕೆಂದು ಹೊರಟಿದ್ದ ಕ್ಲಸ್ಟರ್ ಯೋಜನೆಯ ನಾಲ್ಕು ಉಪಗ್ರಹಗಳಿದ್ದವು. ಮುಖ್ಯ ಎಂಜಿನ್ ಹೊತ್ತಿಕೊಂಡು 37 ಸೆಕೆಂಡು ಕಳೆಯುವಷ್ಟರಲ್ಲಿ, ಸುಮಾರು 3,700 ಮೀಟರ್ ಎತ್ತರದಲ್ಲಿ ರಾಕೆಟ್ ಇದ್ದಕ್ಕಿದ್ದಂತೆ ಪಕ್ಕಕ್ಕೆ ಹೊರಳಿತು. ಎದುರುಗಾಳಿಯ ಒತ್ತಡಕ್ಕೆ ಬೂಸ್ಟರ್‌ಗಳು ಕಿತ್ತು ಬಂದವು. ಇಂಥ ಸಂದರ್ಭಕ್ಕೆಂದೇ ಇಟ್ಟಿದ್ದ ಸ್ವಯಂನಾಶ ವ್ಯವಸ್ಥೆ ಕೆಲಸ ಮಾಡಿತು. ಉರಿಯುವ ಚೂರುಗಳು ಉಡಾವಣಾ ಕೇಂದ್ರದ ಬಳಿಯ ಜೌಗು ನೆಲದ ಮೇಲೆ ಚೆಲ್ಲಿಹೋದವು.

ಎಂಜಿನ್ನಿನಲ್ಲಾಗಲಿ ಇಂಧನದಲ್ಲಾಗಲಿ ದೋಷವಿರಲಿಲ್ಲ. ಕೆಟ್ಟಿದ್ದು, ತಾನು ಎತ್ತ ವಾಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂಬುದನ್ನು ರಾಕೆಟ್‌ಗೆ ತಿಳಿಸುವ ಜಡತ್ವ ಮಾಪನ ಘಟಕ. ಅದರೊಳಗಿನ ಸಾಫ್ಟ್‌ವೇರ್ ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು 64 ಬಿಟ್‌ಗಳ ದಶಮಾಂಶ ರೂಪದಿಂದ 16 ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸುತ್ತಿತ್ತು. ಧನ, ಋಣ ಚಿಹ್ನೆಯೂ ಸೇರಿದಂತೆ 16 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ 32,767. ಬಂದ ಸಂಖ್ಯೆ ಅದನ್ನು ಮೀರಿತ್ತು. ಸಾಫ್ಟ್‌ವೇರ್ ದೋಷ ಸೂಚಿಸಿ, ತನಗೆ ಹೇಳಿಕೊಟ್ಟಿದ್ದಂತೆಯೇ ಘಟಕವನ್ನು ಬಂದ್ ಮಾಡಿತು. ಬದಲಿಗೆಂದು ಇಟ್ಟಿದ್ದ ಎರಡನೆಯ ಘಟಕ ಅದಕ್ಕೂ ಹಿಂದಿನ 72 ಮಿಲಿಸೆಕೆಂಡ್‌ಗಳ ಅವಧಿಯೊಳಗೇ ಇದೇ ಕಾರಣಕ್ಕೆ ಕಣ್ಣು ಮುಚ್ಚಿತ್ತು. ಬಂದ್ ಆದ ಘಟಕ ಕಳಿಸಿದ ದೋಷಸೂಚನೆಯ ಅಂಕಿಗಳನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಅಂಕಿಗಳೆಂದೇ ಓದಿಕೊಂಡು, ಇಲ್ಲದ ತಪ್ಪನ್ನು ತಿದ್ದಲು ನಳಿಕೆಗಳನ್ನು ಪೂರ್ತಿ ತಿರುಗಿಸಿತು.

ಈ ಕಥೆಯನ್ನು ಎಂಜಿನಿಯರಿಂಗ್ ತರಗತಿಗಳಲ್ಲಿ ‘ಒಂದು ಸಣ್ಣ ಪ್ರೋಗ್ರಾಮಿಂಗ್ ತಪ್ಪು ಇಡೀ ರಾಕೆಟ್ಟನ್ನೇ ಬಲಿ ತೆಗೆದುಕೊಂಡಿತು’ ಎಂದು ಮುಗಿಸಿಬಿಡುವುದುಂಟು. ಹಾಗೆ ಮುಗಿಸುವುದು ಆ ಪ್ರೋಗ್ರಾಮ್ ಬರೆದವರಿಗೆ ಮಾಡುವ ಅನ್ಯಾಯ. ಅವರು ಆ ಸಾಲನ್ನು ಯೋಚಿಸಿಯೇ ಬರೆದಿದ್ದರು, ಅವರಿಗೆ ಕೊಟ್ಟಿದ್ದ ಲೋಕದಲ್ಲಿ ಅದು ಸರಿಯಾಗಿಯೇ ಇತ್ತು. ಲೋಕ ಬದಲಾಯಿತು, ಸುದ್ದಿ ಅವರ ಪೆಟ್ಟಿಗೆಯೊಳಗೆ ತಲುಪಲಿಲ್ಲ. ದೊಡ್ಡ ಯಂತ್ರವ್ಯವಸ್ಥೆಗಳನ್ನು ಕಟ್ಟುವ ವಿದ್ಯೆಯ ತಿರುಳು ಇರುವುದು ಇಲ್ಲಿಯೇ: ಏನನ್ನು ಮರೆಮಾಡಬೇಕು, ಮರೆಮಾಡುವಾಗ ಯಾವ ಊಹೆಯನ್ನು ನೆಚ್ಚಿಕೊಂಡೆವು, ಆ ಊಹೆಯನ್ನು ಮುಂದಿನವರಿಗೆ ಹೇಗೆ ದಾಟಿಸಬೇಕು.

ಒಂದು ರಾಕೆಟ್ಟನ್ನೋ ಮೆಟ್ರೊ ವ್ಯವಸ್ಥೆಯನ್ನೋ ಬ್ಯಾಂಕಿನ ಸಾಫ್ಟ್‌ವೇರನ್ನೋ ಪೂರ್ತಿಯಾಗಿ ತಲೆಯಲ್ಲಿ ಇಟ್ಟುಕೊಳ್ಳಬಲ್ಲ ಮನುಷ್ಯ ಇಲ್ಲ. ಆದ್ದರಿಂದ ಎಂಜಿನಿಯರುಗಳು ಇಡೀ ವ್ಯವಸ್ಥೆಯನ್ನು ಪೆಟ್ಟಿಗೆಗಳಾಗಿ ಒಡೆಯುತ್ತಾರೆ. ಪ್ರತಿ ಪೆಟ್ಟಿಗೆಯ ಮೇಲೂ ಇದು ಏನು ಪಡೆಯುತ್ತದೆ, ಏನು ಕೊಡುತ್ತದೆ ಎಂದು ಬರೆಯುತ್ತಾರೆ. ಒಳಗೆ ಏನಿದೆ ಎಂಬುದು ಹೊರಗಿನವರಿಗೆ ಬೇಡ. ಇದನ್ನೇ ಅಮೂರ್ತೀಕರಣ, ನಮ್ಮ ಐಟಿಯವರ ಮಾತಿನಲ್ಲಿ ಅಬ್‌ಸ್ಟ್ರ್ಯಾಕ್ಷನ್ ಎನ್ನುವುದು. ಲಂಡನ್ನಿನ ಭೂಗತ ರೈಲಿನ ನಕ್ಷೆ ಇದಕ್ಕೆ ಹೆಸರಾಂತ ಉದಾಹರಣೆ. ವಿದ್ಯುತ್ ಮಂಡಲಗಳ ನಕ್ಷೆ ಬರೆಯುತ್ತಿದ್ದ ಹ್ಯಾರಿ ಬೆಕ್ 1931ರಲ್ಲಿ ಊರಿನ ನಿಜವಾದ ಅಂತರ, ರಸ್ತೆ, ತಿರುವುಗಳನ್ನೆಲ್ಲ ಬಿಟ್ಟು ಅಡ್ಡ, ಉದ್ದ ಮತ್ತು 45 ಡಿಗ್ರಿಯ ಗೆರೆಗಳಲ್ಲಷ್ಟೇ ಮಾರ್ಗಗಳನ್ನು ತೋರಿಸಿದರು. ಅಧಿಕಾರಿಗಳು ಮೊದಲು ಒಪ್ಪಲಿಲ್ಲ. 1933ರಲ್ಲಿ ಅಚ್ಚಾದಾಗ ಜನ ಕೈಗೆತ್ತಿಕೊಂಡರು. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಎಲ್ಲಿ ಇಳಿಯಬೇಕು ಎಂಬುದಷ್ಟೇ ಪ್ರಯಾಣಿಕನಿಗೆ ಬೇಕಿತ್ತು. ಇಂದು ನಮ್ಮ ಮೆಟ್ರೊ ನಿಲ್ದಾಣದ ಗೋಡೆಯ ಮೇಲಿರುವ ನಕ್ಷೆಯೂ ಅದೇ ವಂಶದ್ದು. ಆದರೆ ಆ ನಕ್ಷೆಯ ಮೇಲೆ ಸ್ಕೇಲು ಇಟ್ಟು ಅಳೆದು ಎರಡು ನಿಲ್ದಾಣಗಳ ನಡುವೆ ನಡೆಯಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿದವನು ದಾರಿಯಲ್ಲಿ ಸುಸ್ತಾಗಿ ಕೂರುತ್ತಾನೆ. ನಕ್ಷೆ ಸುಳ್ಳು ಹೇಳಿಲ್ಲ. ಅದು ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಅವನು ಕೇಳಲಿಲ್ಲ, ಅಷ್ಟೆ.

ಈ ವಿಷಯದಲ್ಲಿ ಡೇವಿಡ್ ಪಾರ್ನಾಸ್ ಎಂಬ ವಿಜ್ಞಾನಿಯ ಮಾತಿಗೆ ಇಂದಿಗೂ ತೂಕವಿದೆ. ಅವರು 1972ರಲ್ಲಿ ಬರೆದ ಪ್ರಬಂಧದ ಬಗ್ಗೆ ಕಂಪ್ಯೂಟರ್ ಸೈನ್ಸ್ ಓದಿದವರೆಲ್ಲ ಒಮ್ಮೆಯಾದರೂ ಕೇಳಿರುತ್ತಾರೆ. ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಪೆಟ್ಟಿಗೆಯೊಳಗೆ ಅಡಗಿಸಿ, ಆಗ ಬದಲಾವಣೆ ಬಂದರೆ ಆ ಪೆಟ್ಟಿಗೆಯನ್ನಷ್ಟೇ ತೆರೆದರೆ ಸಾಕು ಎಂಬುದು ಅದರ ಸಾರ. ಅದರ ಹಿಂದಿನ ವರ್ಷ ಅವರು ಬರೆದಿದ್ದ ಇನ್ನೊಂದು ಮಾತು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಎರಡು ಪೆಟ್ಟಿಗೆಗಳ ನಡುವಿನ ಸಂಬಂಧವೆಂದರೆ ಕೇವಲ ತಂತಿಯಲ್ಲ, ಹೋಗಿಬರುವ ಅಂಕಿಗಳೂ ಅಲ್ಲ; ಒಂದು ಇನ್ನೊಂದರ ಬಗ್ಗೆ ಮಾಡಿಕೊಂಡಿರುವ ಊಹೆಗಳೇ ಆ ಸಂಬಂಧ ಎಂದು ಅವರು ಹೇಳಿದ್ದರು. ತಂತಿ ಕಣ್ಣಿಗೆ ಬೀಳುತ್ತದೆ, ಅಂಕಿಯನ್ನು ಅಳೆಯಬಹುದು, ಊಹೆ ಮಾತ್ರ ಯಾರಾದರೂ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಏರಿಯಾನ್ ದುರಂತದ ತನಿಖಾ ಮಂಡಳಿಗೆ ಫ್ರಾನ್ಸಿನ ಗಣಿತಜ್ಞ ಜಾಕ್ ಲೂಯಿ ಲಿಯಾನ್ಸ್ ಅಧ್ಯಕ್ಷರಾಗಿದ್ದರು. ಜುಲೈ 19ಕ್ಕೆ, ಅಂದರೆ ಒಂದೂವರೆ ತಿಂಗಳಿಗೆ ವರದಿ ಬಂತು. ಎಂಜಿನಿಯರಿಂಗ್ ಓದುವ ಪ್ರತಿಯೊಬ್ಬರೂ ಓದಲೇಬೇಕಾದ ದಾಖಲೆ ಅದು. ಯಾರ ಮೇಲೂ ಬೆರಳು ತೋರಿಸದೆ, ಒಳ್ಳೆಯ ಕಾರಣಗಳಿದ್ದ ತೀರ್ಮಾನಗಳು ಒಂದರ ಮೇಲೊಂದು ಕೂತು ಹೇಗೆ ಕುಸಿದವು ಎಂಬುದನ್ನು ಅದು ಬಿಡಿಸಿಡುತ್ತದೆ.

ಆ ಜಡತ್ವ ಮಾಪನ ಘಟಕ ಹಿಂದಿನ ರಾಕೆಟ್ ಏರಿಯಾನ್–4ರಿಂದ ಬಂದದ್ದು. ಅಲ್ಲಿ ವರ್ಷಗಟ್ಟಲೆ ತೊಂದರೆ ಕೊಡದೆ ದುಡಿದಿತ್ತು. ಉಡಾವಣೆಗೆ ಮೊದಲು ರಾಕೆಟ್ ನಿಂತ ನೆಲೆಗೆ ಹೊಂದಿಸಿ ಘಟಕದ ದಿಕ್ಕು ಕೂರಿಸುವ ಒಂದು ಲೆಕ್ಕ ಅದರಲ್ಲಿ ನಡೆಯುತ್ತದೆ. ರಾಕೆಟ್ ಮೇಲೆದ್ದ ಮೇಲೆ ಆ ಲೆಕ್ಕದಿಂದ ಏನೂ ಉಪಯೋಗವಿಲ್ಲ. ಆದರೂ ಏರಿಯಾನ್–4ರಲ್ಲಿ ಅದನ್ನು ಹಾರಾಟದ ಮೊದಲ 40 ಸೆಕೆಂಡುಗಳವರೆಗೆ ನಡೆಯಲು ಬಿಟ್ಟಿದ್ದರು. ಕೊನೆಯ ಗಳಿಗೆಯಲ್ಲಿ ಕೌಂಟ್‌ಡೌನ್ ನಿಂತರೆ ಮತ್ತೆ ಮುಕ್ಕಾಲು ಗಂಟೆ ಕಾಯದೆ ಬೇಗ ಶುರು ಮಾಡಬಹುದು ಎಂಬುದು ಉದ್ದೇಶ. 1989ರಲ್ಲಿ ಒಮ್ಮೆ ಅದು ಉಪಯೋಗಕ್ಕೂ ಬಂದಿತ್ತು. ಏರಿಯಾನ್–5ರ ಸಿದ್ಧತೆಯ ಕ್ರಮವೇ ಬೇರೆ, ಅಲ್ಲಿ ಇದರ ಅಗತ್ಯ ಇರಲಿಲ್ಲ. ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂದು ಹಾಗೇ ಬಿಟ್ಟರು. ರಾಕೆಟ್ಟನ್ನು ಉರುಳಿಸಿದ್ದು ಹಾರಾಟಕ್ಕೆ ಬೇಡವೇ ಬೇಡವಾಗಿದ್ದ ಈ ಲೆಕ್ಕ.

ಆ ಲೆಕ್ಕದಲ್ಲಿ ಹೀಗೆ ಪೂರ್ಣಾಂಕಕ್ಕೆ ಇಳಿಸುವ ಸಂಖ್ಯೆಗಳು ಏಳಿದ್ದವು. ಏಳಕ್ಕೂ ರಕ್ಷಣೆ ಕೊಡಬಹುದಿತ್ತು, ಆದರೆ ಆ ಘಟಕದ ಕಂಪ್ಯೂಟರ್ ಮೇಲೆ ಗರಿಷ್ಠ ಶೇಕಡಾ 80ರಷ್ಟು ಹೊರೆಯಷ್ಟೇ ಬೀಳಬೇಕೆಂಬ ಮಿತಿ ಇತ್ತು. ತಂಡ ಕೂತು ವಿಶ್ಲೇಷಿಸಿ ನಾಲ್ಕಕ್ಕೆ ರಕ್ಷಣೆ ಕೊಟ್ಟಿತು. ಉಳಿದ ಮೂರು ಭೌತಿಕವಾಗಿ ಮಿತಿ ಮೀರಲಾರವು ಅಥವಾ ಬೇಕಾದಷ್ಟು ಅಂತರವಿದೆ ಎಂದು ತೀರ್ಮಾನಿಸಿತು. ಏರಿಯಾನ್–4ರ ಪಥಕ್ಕೆ ಅದು ನಿಜವೇ. ಏರಿಯಾನ್–5 ಆರಂಭದಲ್ಲೇ ಜೋರಾಗಿ ನುಗ್ಗುವ ರಾಕೆಟ್. ಅದರ ಅಡ್ಡವೇಗ ಏರಿಯಾನ್–4ರದಕ್ಕಿಂತ ಐದು ಪಟ್ಟು ಬೇಗ ಏರುತ್ತದೆ. ಇನ್ನು ಕೇಳಿ: ಹೊಸ ರಾಕೆಟ್‌ನ ಪಥದ ವಿವರವನ್ನು ಈ ಘಟಕದ ಬೇಡಿಕೆ ಪತ್ರದಲ್ಲಿ ಸೇರಿಸುವುದು ಬೇಡ ಎಂದು ಸಂಬಂಧಪಟ್ಟವರೆಲ್ಲ ಸೇರಿ ಒಪ್ಪಿಕೊಂಡಿದ್ದರು. ಮೂರು ಸಂಖ್ಯೆಗಳಿಗೆ ರಕ್ಷಣೆ ಇಲ್ಲದಿರುವುದಕ್ಕೆ ಕಾರಣವೇನೆಂಬುದು ಪ್ರೋಗ್ರಾಮಿನ ಸಾಲುಗಳಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಇನ್ನೊಂದು ಊಹೆ ಇವಕ್ಕಿಂತ ಆಳದ್ದು. ಘಟಕ ಕೆಟ್ಟರೆ ಅದು ಯಂತ್ರಾಂಶದ ಬಿಡಿ ವೈಫಲ್ಯವೇ ಆಗಿರುತ್ತದೆ ಎಂದು ಇಡೀ ವಿನ್ಯಾಸ ನಂಬಿತ್ತು. ಯಂತ್ರ ಕೆಟ್ಟರೆ ಅದನ್ನು ಬಂದ್ ಮಾಡಿ ಬದಲಿಗೆ ಇನ್ನೊಂದನ್ನು ಹಿಡಿಯುವುದು ಜಾಣತನ. ಆದರೆ ಎರಡರಲ್ಲೂ ಒಂದೇ ಸಾಫ್ಟ್‌ವೇರ್ ಇದ್ದಾಗ, ಒಂದು ಎಡವಿದ ಕಡೆ ಇನ್ನೊಂದೂ ಎಡವುತ್ತದೆ. ಜೋಡಿಯಾಗಿ ಇಟ್ಟಿದ್ದರಿಂದ ಸಿಕ್ಕ ಧೈರ್ಯಕ್ಕೆ ಬುಡವಿರಲಿಲ್ಲ.

ಇಷ್ಟೆಲ್ಲ ತಪ್ಪಿದರೂ ಕೊನೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳಬೇಕಿತ್ತಲ್ಲ? ಇಲ್ಲಿಯೇ ಪ್ರಕ್ರಿಯಾ ಮಾದರಿಗಳ ಮಾತು ಬರುತ್ತದೆ. ಕೆಲಸ ಯಾವ ಕ್ರಮದಲ್ಲಿ ಸಾಗಬೇಕು, ಯಾವ ಹಂತದ ಮೇಲೆ ಯಾವ ಹಂತ ಎಂದು ಹೇಳುವ ಚಿತ್ರಗಳಿವು. ಯಂತ್ರವನ್ನು ಪೆಟ್ಟಿಗೆಗಳಾಗಿ ಒಡೆದ ಹಾಗೆಯೇ ಕೆಲಸವನ್ನೂ ಹಂತಗಳಾಗಿ ಒಡೆಯುತ್ತೇವೆ. ಅಂದರೆ ಪ್ರಕ್ರಿಯಾ ಮಾದರಿಯೂ ಒಂದು ಅಮೂರ್ತೀಕರಣವೇ. ಅದೂ ಕೆಲವನ್ನು ತೋರಿಸಿ ಕೆಲವನ್ನು ಮರೆಮಾಡುತ್ತದೆ.

ಬಾಹ್ಯಾಕಾಶ, ರಕ್ಷಣೆ, ವಾಹನ ಉದ್ಯಮಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ಮಾದರಿ. ಎಡಗೈಯಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತಾ ಹೋಗುತ್ತೇವೆ: ಇಡೀ ವ್ಯವಸ್ಥೆಯಿಂದ ಏನು ಬೇಕು, ಅದರಲ್ಲಿ ಪ್ರತಿ ಉಪವ್ಯವಸ್ಥೆಯ ಪಾಲೇನು, ಪ್ರತಿ ಬಿಡಿಭಾಗದ ಪಾಲೇನು. ತಳದಲ್ಲಿ ತಯಾರಿಕೆ. ಬಲಗೈಯಲ್ಲಿ ಮೇಲೇರುತ್ತಾ ಬಿಡಿಭಾಗದ ಪರೀಕ್ಷೆ, ಜೋಡಣೆಯ ಪರೀಕ್ಷೆ, ಪೂರ್ತಿ ವ್ಯವಸ್ಥೆಯ ಪರೀಕ್ಷೆ. ಎಡದ ಪ್ರತಿ ಮೆಟ್ಟಿಲಿಗೂ ಎದುರಿಗೆ ಬಲದಲ್ಲೊಂದು ಮೆಟ್ಟಿಲಿರುತ್ತದೆ. ಅಲ್ಲಿ ಕೇಳಿದ್ದಕ್ಕೆ ಇಲ್ಲಿ ಪುರಾವೆ ಕೊಡಬೇಕು. ಚೆಂದದ, ಉಪಯುಕ್ತವಾದ ಚಿತ್ರ.

ಏರಿಯಾನ್‌ನ ಘಟಕವನ್ನು ಈ ಚಿತ್ರದ ಮೇಲಿಟ್ಟು ನೋಡಿ. ಬಿಡಿಭಾಗದ ಮಟ್ಟದಲ್ಲಿ ಅದು ಬೇಡಿಕೆ ಪತ್ರಕ್ಕೆ ಸರಿಯಾಗಿ ಪಾಸಾಯಿತು; ಪತ್ರದಲ್ಲಿ ಹೊಸ ಪಥವೇ ಇರಲಿಲ್ಲ. ಪೂರ್ತಿ ವ್ಯವಸ್ಥೆಯ ಪರೀಕ್ಷೆಯಲ್ಲಿ ನಿಜವಾದ ಘಟಕವನ್ನು ಜೋಡಿಸಲೇ ಇಲ್ಲ. ಅದು ಆಗಲೇ ಪಾಸಾಗಿದೆಯಲ್ಲ ಎಂಬ ಭರವಸೆಯ ಮೇಲೆ, ಅದರ ಬದಲಿಗೆ ಅದರಂತೆ ಅಂಕಿ ಕೊಡುವ ಕಂಪ್ಯೂಟರ್ ಮಾದರಿಯೊಂದನ್ನು ಕೂರಿಸಿದರು. ಆ ಮಾದರಿಯಲ್ಲಿ ಘಟಕದ ಒಳಗಿನ 16 ಬಿಟ್‌ಗಳ ಇಕ್ಕಟ್ಟು ಇರಲಿಲ್ಲ. ಕೆಳಗಿನ ಮೆಟ್ಟಿಲು ಮೇಲಿನದನ್ನು ನಂಬಿತು, ಮೇಲಿನದು ಕೆಳಗಿನದನ್ನು ನಂಬಿತು, ಪಥಕ್ಕೂ ಘಟಕಕ್ಕೂ ಒಮ್ಮೆಯೂ ಮುಖಾಮುಖಿ ಆಗಲಿಲ್ಲ. ದುರಂತದ ನಂತರ ಅದೇ ಸಾಫ್ಟ್‌ವೇರಿಗೆ ಹಾರಾಟದ ನಿಜವಾದ ಪಥದ ಅಂಕಿಗಳನ್ನು ಉಣಿಸಿ ನೋಡಿದಾಗ, ಕೂರೂವಿನ ಆಕಾಶದಲ್ಲಿ ನಡೆದದ್ದೆಲ್ಲ ನೆಲದ ಮೇಲೆಯೇ ಕ್ರಮವಾಗಿ ಮರುಕಳಿಸಿತು. ಉಡಾವಣೆಗೆ ಮೊದಲು ಇದೊಂದು ಪರೀಕ್ಷೆ ನಡೆದಿದ್ದರೆ ರಾಕೆಟ್ ಉಳಿಯುತ್ತಿತ್ತು.

ಚಿತ್ರವನ್ನು ತಪ್ಪಾಗಿ ಓದಿಕೊಳ್ಳುವ ಚಾಳಿ ಇದಕ್ಕಿಂತ ಹಳೆಯದು. ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ‘ವಾಟರ್‌ಫಾಲ್’ ಎಂಬ ಮಾತು ಕೇಳುತ್ತದೆ. ಬೇಡಿಕೆ, ವಿಶ್ಲೇಷಣೆ, ವಿನ್ಯಾಸ, ಕೋಡಿಂಗ್, ಪರೀಕ್ಷೆ, ಬಳಕೆ ಎಂದು ನೀರಿನಂತೆ ಮೆಟ್ಟಿಲಿಳಿಯುವ ಕ್ರಮ, ಹಿಂದಿರುಗಿ ಹತ್ತುವಂತಿಲ್ಲ. ಇದರ ಮೂಲವೆಂದು ತೋರಿಸುವುದು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು. ಬಾಹ್ಯಾಕಾಶ ಯೋಜನೆಗಳ ಸಾಫ್ಟ್‌ವೇರಿನಲ್ಲಿ ಕೈ ಪಳಗಿದ್ದ ರಾಯ್ಸ್ ಆ ಮೆಟ್ಟಿಲುಗಳ ಚಿತ್ರವನ್ನು ಬರೆದದ್ದು ನಿಜ. ಆದರೆ ಅದರ ಬೆನ್ನಿಗೇ, ಹೀಗೆಯೇ ಮಾಡಲು ಹೊರಟರೆ ಅಪಾಯ ಖಂಡಿತ ಎಂದು ಎಚ್ಚರಿಸಿದ್ದರು. ವೇಗ, ಮೆಮೊರಿ, ಸಾಧನಗಳ ನಡುವಿನ ಕೊಡುಕೊಳೆ ಇವೆಲ್ಲ ಕಾಗದದ ಮೇಲೆ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ, ಪರೀಕ್ಷೆಯ ಹಂತದಲ್ಲೇ ಮೊದಲ ಬಾರಿಗೆ ಅನುಭವಕ್ಕೆ ಬರುತ್ತವೆ. ಆಗ ವಿನ್ಯಾಸದ ಬುಡಕ್ಕೇ ಮರಳಬೇಕಾಗುತ್ತದೆ ಎಂಬುದು ಅವರ ಕಾರಣ. ಹೊಸ ಬಗೆಯ ಕೆಲಸವಾದರೆ ಒಂದು ಸಣ್ಣ ಮಾದರಿಯನ್ನು ಮೊದಲು ಪೂರ್ತಿ ಕಟ್ಟಿ ಕಲಿತು, ಆಮೇಲೆ ನಿಜವಾದದ್ದನ್ನು ಕಟ್ಟಿ ಎಂದೂ, ಗ್ರಾಹಕನನ್ನು ನಡುನಡುವೆ ಕೂರಿಸಿಕೊಳ್ಳಿ ಎಂದೂ ಅವರು ಸಲಹೆ ಕೊಟ್ಟಿದ್ದರು. ಇಡೀ ಪ್ರಬಂಧದಲ್ಲಿ ‘ವಾಟರ್‌ಫಾಲ್’ ಎಂಬ ಪದವೇ ಇಲ್ಲ.

ಲೋಕ ಮೊದಲ ಚಿತ್ರವನ್ನಷ್ಟೇ ಎತ್ತಿಕೊಂಡಿತು. ಅದಕ್ಕೆ ಕಾರಣವೂ ಇದೆ. ಮೆಟ್ಟಿಲುಗಳ ಚಿತ್ರ ಗುತ್ತಿಗೆ ಕೊಡುವವರಿಗೆ ಅನುಕೂಲ: ಪ್ರತಿ ಮೆಟ್ಟಿಲಿಗೂ ಒಂದು ದಾಖಲೆ, ಒಂದು ಸಹಿ, ಒಂದು ಕಂತಿನ ಹಣ. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತಂದ ಸಾಫ್ಟ್‌ವೇರ್ ಮಾನದಂಡವನ್ನು ಗುತ್ತಿಗೆದಾರರು ಈ ರೀತಿಯೇ ಓದಿಕೊಂಡರು. ನಮ್ಮ ಟೆಂಡರುಗಳಲ್ಲೂ ಇದೇ ನೆರಳಿದೆ. ಹಂತ ಮುಗಿಯಿತು ಎಂದು ಸಹಿ ಬಿದ್ದ ಮೇಲೆ ಹಿಂದಿನ ಹಂತದಲ್ಲಿ ತಪ್ಪು ಕಂಡರೂ ಬಾಯಿ ಬಿಡಲು ಎಂಜಿನಿಯರು ಹಿಂಜರಿಯುತ್ತಾನೆ, ಯಾಕೆಂದರೆ ಬಾಯಿ ಬಿಟ್ಟರೆ ಹಣದ ಲೆಕ್ಕ ತಲೆಕೆಳಗಾಗುತ್ತದೆ. ಹೀಗೆ ಕೆಲಸವನ್ನು ವಿವರಿಸಲು ಬರೆದ ಚಿತ್ರವೇ ಕೆಲಸವನ್ನು ಕಟ್ಟಿಹಾಕುತ್ತದೆ. ಬ್ಯಾರಿ ಬೋಮ್ 1988ರಲ್ಲಿ ವಿವರಿಸಿದ ಸುರುಳಿ ಮಾದರಿ ಇದಕ್ಕೆ ಒಂದು ಒಳ್ಳೆಯ ಉತ್ತರವಾಗಿತ್ತು. ಪ್ರತಿ ಸುತ್ತಿನಲ್ಲೂ ಅತಿ ದೊಡ್ಡ ಅಪಾಯ ಯಾವುದು ಎಂದು ಮೊದಲು ಹುಡುಕಿ, ಅದನ್ನು ಬಗೆಹರಿಸಲು ಬೇಕಾದಷ್ಟನ್ನೇ ಕಟ್ಟಿ ಮುಂದಿನ ಸುತ್ತಿಗೆ ಹೋಗುವುದು ಅದರ ಬಗೆ.

ಹಾಗೆಂದು ಮಾದರಿಗಳನ್ನು ಬಿಸಾಡುವುದು ಉತ್ತರವಲ್ಲ. ಪಾರ್ನಾಸ್ ಅವರೇ ಪಾಲ್ ಕ್ಲೆಮೆಂಟ್ಸ್ ಜೊತೆ ಸೇರಿ 1986ರಲ್ಲಿ ಇನ್ನೊಂದು ಪ್ರಬಂಧ ಬರೆದರು. ಅಚ್ಚುಕಟ್ಟಾದ ಕ್ರಮದಲ್ಲಿ ಯಾರೂ ವಿನ್ಯಾಸ ಮಾಡಲಾರರು, ಆದರೂ ಕೊನೆಯ ದಾಖಲೆಗಳನ್ನು ಹಾಗೆ ಮಾಡಿದ್ದೇವೆಂಬಂತೆ ಬರೆಯಬೇಕು ಎಂಬುದು ಅದರ ವಾದ. ಮುಂದೆ ಆ ವ್ಯವಸ್ಥೆಯನ್ನು ಓದುವವನಿಗೆ ನಾವು ದಾರಿ ತಪ್ಪಿದ ಕಥೆ ಬೇಡ. ಯಾವ ತೀರ್ಮಾನ, ಯಾಕೆ, ಯಾವ ಆಯ್ಕೆಗಳನ್ನು ಕೈಬಿಟ್ಟೆವು ಎಂಬುದು ಬೇಕು. ನನ್ನ ಮಟ್ಟಿಗೆ ಪ್ರಕ್ರಿಯಾ ಮಾದರಿಯ ನಿಜವಾದ ಉಪಯೋಗ ಇದೇ. ಅದು ಊಹೆಗಳನ್ನು ಬರೆಯಿಸಿಕೊಳ್ಳುವ ಜಾಗ.

ಬರೆದರೂ ಸಾಲದು, ಬರೆದದ್ದನ್ನು ಯಾರಾದರೂ ಎದುರಿಟ್ಟು ನೋಡಬೇಕು. ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್‌ನಲ್ಲಿ ಮಂಗಳ ಗ್ರಹದ ಬಳಿ ಕಾಣೆಯಾಯಿತು. ಸಣ್ಣ ನೂಕುಗಳ ಲೆಕ್ಕವನ್ನು ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಮೂಲದ ಏಕಮಾನದಲ್ಲಿ ಕೊಡುತ್ತಿತ್ತು, ಇನ್ನೊಂದು ಕಡೆ ಅದನ್ನು ನ್ಯೂಟನ್ ಮೂಲದ್ದೆಂದು ಓದುತ್ತಿದ್ದರು. ವ್ಯತ್ಯಾಸ 4.45 ಪಟ್ಟು. ಮೆಟ್ರಿಕ್ ಮಾನವನ್ನೇ ಬಳಸಬೇಕೆಂದು ಎರಡರ ನಡುವಿನ ಇಂಟರ್‌ಫೇಸ್ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. 226 ಕಿಲೋಮೀಟರ್ ಎತ್ತರದಲ್ಲಿ ಸಾಗಬೇಕಿದ್ದ ನೌಕೆ 57 ಕಿಲೋಮೀಟರ್‌ಗೆ ಇಳಿದಿತ್ತು.

ಇವೆಲ್ಲ ದೂರದ ಕಥೆಗಳಲ್ಲ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರದ ಪರದೆಗಳ ಮುಂದೆ ವಿಜ್ಞಾನಿಗಳು, ಟಿವಿಯ ಮುಂದೆ ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಚಂದ್ರಯಾನ–2ರ ಇಳಿಯುವ ನೌಕೆ ವಿಕ್ರಮ್ ಚಂದ್ರನ ಮೇಲೆ ಮೆತ್ತಗೆ ಇಳಿಯಲಿಲ್ಲ. ಯಾಕೆ ಎಂಬುದನ್ನು ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರ ಜುಲೈನಲ್ಲಿ ಬಿಚ್ಚಿ ಹೇಳಿದರು. ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟವು. ಕ್ಯಾಮೆರಾ ಚಿತ್ರ ತೆಗೆಯಲೆಂದು ನೌಕೆ ಅಲುಗಾಡದೆ ಸಾಗಬೇಕಿದ್ದ ಹಂತದಲ್ಲಿ ಇದರಿಂದಾದ ತಪ್ಪುಗಳು ತಿದ್ದುಪಡಿಯಾಗದೆ ಕೂಡುತ್ತಾ ಹೋದವು. ಆಮೇಲೆ ಎಲ್ಲವನ್ನೂ ಒಮ್ಮೆಗೇ ತಿದ್ದಲು ನೌಕೆ ಬಹಳ ಬೇಗ ತಿರುಗಬೇಕಾಯಿತು. ಅಷ್ಟು ಬೇಗ ತಿರುಗುವ ಸಂದರ್ಭ ಬರದು ಎಂದು ಸಾಫ್ಟ್‌ವೇರ್ ಮಿತಿ ಹಾಕಿಕೊಂಡಿತ್ತು. ಇಳಿಯಲು ಗೊತ್ತುಮಾಡಿದ್ದ ಜಾಗವೂ 500 ಮೀಟರ್ ಉದ್ದಗಲದ ಸಣ್ಣ ಚೌಕ. ಕೂರೂವಿನ ಆ ಸಂಖ್ಯೆಗೂ ಇಲ್ಲಿನ ತಿರುಗುವ ವೇಗಕ್ಕೂ ತಾಂತ್ರಿಕವಾಗಿ ಸಂಬಂಧವಿಲ್ಲ. ಆದರೆ ‘ಇದಕ್ಕಿಂತ ಹೆಚ್ಚಾಗಲಾರದು’ ಎಂದು ನಂಬಿದ ಬಗೆ ಎರಡರಲ್ಲೂ ಒಂದೇ.

ಮೆಚ್ಚಬೇಕಾದದ್ದು ಆಮೇಲಿನ ಕೆಲಸ. ಚಂದ್ರಯಾನ–3ಕ್ಕೆ ವಿಜ್ಞಾನಿಗಳು ಪ್ರಶ್ನೆಯನ್ನೇ ತಿರುಗಿಸಿದರು. ಎಲ್ಲ ಸರಿಯಾಗಿ ನಡೆದರೆ ಹೇಗೆ ಇಳಿಯುತ್ತದೆ ಎಂಬುದರ ಬದಲಿಗೆ, ಎಂಜಿನ್ ಕೈಕೊಟ್ಟರೆ, ಸಂವೇದಕ ಕೈಕೊಟ್ಟರೆ, ಲೆಕ್ಕವೇ ತಪ್ಪಿದರೆ ಹೇಗೆ ಇಳಿಯಬೇಕು ಎಂದು ಕೇಳಿಕೊಂಡು ವಿನ್ಯಾಸ ಮಾಡಿದರು. ಇಳಿಯುವ ಜಾಗ ಸುಮಾರು 4 ಕಿಲೋಮೀಟರ್ ಉದ್ದ, 2.5 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. ಎಂಜಿನ್‌ಗಳು ನಾಲ್ಕಕ್ಕೆ ಇಳಿದವು. ನೆಲ ಮುಟ್ಟುವಾಗ ತಡೆಯಬಲ್ಲ ವೇಗ ಸೆಕೆಂಡಿಗೆ 2 ಮೀಟರ್‌ನಿಂದ 3 ಮೀಟರ್‌ಗೆ ಏರುವಂತೆ ಕಾಲುಗಳನ್ನು ಗಟ್ಟಿ ಮಾಡಿದರು. ವೇಗವನ್ನು ನೇರವಾಗಿ ಅಳೆಯುವ ಲೇಸರ್ ಸಾಧನ ಸೇರಿತು, ಇಂಧನ ಹೆಚ್ಚಾಯಿತು. ಹೆಲಿಕಾಪ್ಟರ್‌ನಿಂದ ತೂಗುಹಾಕಿ, ಕ್ರೇನ್‌ಗೆ ಕಟ್ಟಿ, ಇಳಿಯುವ ಲೆಕ್ಕವನ್ನು ನಿಜವಾದ ಸಂವೇದಕಗಳ ಜೊತೆ ನೆಲದ ಮೇಲೆಯೇ ಪರೀಕ್ಷಿಸಿದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ ದಾಟಿ ಕೆಲವೇ ನಿಮಿಷಗಳಲ್ಲಿ ವಿಕ್ರಮ್ ಇಳಿಯಿತು.

ಲಿಯಾನ್ಸ್ ವರದಿಯ ಶಿಫಾರಸುಗಳಲ್ಲಿ ಒಂದು ಹೀಗಿದೆ: ಸಾಧನಗಳಿಂದ ಬರುವ ಪ್ರಮಾಣಗಳ ಬಗ್ಗೆ ಸಾಫ್ಟ್‌ವೇರ್ ಮತ್ತು ಅದರ ಸಮರ್ಥನಾ ದಾಖಲೆಗಳು ಹೇಳದೆ ಮಾಡಿಕೊಂಡಿರುವ ಊಹೆಗಳನ್ನೆಲ್ಲ ಗುರುತಿಸಿ, ಸಾಧನ ಬಳಸಲು ಹಾಕಿರುವ ನಿರ್ಬಂಧಗಳಿಗೆ ಅವನ್ನು ತಾಳೆ ಹಾಕಬೇಕು. ಇದಕ್ಕೆ ದುಬಾರಿ ಉಪಕರಣ ಬೇಡ. ದುರಂತದ ಮರುವರ್ಷ ಬರ್ಟ್ರಾಂಡ್ ಮೇಯರ್ ಮತ್ತು ಜಾನ್ ಮಾರ್ಕ್ ಜೆಝೆಕೆಲ್ ಬರೆದ ಲೇಖನ, ಇಂಥ ಮಿತಿಗಳನ್ನು ಪ್ರೋಗ್ರಾಮಿನೊಳಗೇ ಕರಾರಿನಂತೆ ಬರೆಯಬೇಕೆಂದು ವಾದಿಸಿತು. ಒಳ್ಳೆಯ ಮಾತು, ಆದರೆ ಅರ್ಧ ಮಾತು. ಹೊಸ ರಾಕೆಟ್‌ನ ಪಥ ಎಲ್ಲಿ ಎಂದು ಸಭೆಯಲ್ಲಿ ಕೇಳುವವರೊಬ್ಬರು ಇಲ್ಲದಿದ್ದರೆ ಕರಾರನ್ನು ಓದುವವರೂ ಇರುವುದಿಲ್ಲ.

ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟ್ ವರದಿ ತೆರೆದರೆ ಪೆಟ್ಟಿಗೆ, ಬಾಣಗಳ ಚಿತ್ರಗಳಿಗೆ ಕೊರತೆಯಿಲ್ಲ. ಆ ಪೆಟ್ಟಿಗೆಗಳು ಯಾವ ಮಿತಿಯೊಳಗೆ ಕೆಲಸ ಮಾಡುತ್ತವೆ, ಯಾವುದನ್ನು ನಡೆಯದು ಎಂದು ಬಿಟ್ಟಿದ್ದೇವೆ ಎಂಬ ಪುಟ ಮಾತ್ರ ಅಪರೂಪ. ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಈ ವರ್ಷದಿಂದ ಆ ಒಂದು ಪುಟವನ್ನು ಕಡ್ಡಾಯ ಮಾಡಿ, ವೈವಾದಲ್ಲಿ ಮೊದಲ ಪ್ರಶ್ನೆಯನ್ನು ಅದರಿಂದಲೇ ಕೇಳಿ.